ಬೇಸಿನ್ನಿನ ಕೊನೆಯ ಹನಿಗಳು

ದಾವಣಗೆರೆಯ ಓದುಗರೊಬ್ಬರು ತಮ್ಮ ಬಚ್ಚಲುಮನೆಯನ್ನು ತಾವೇ ಹೊಸದು ಮಾಡಿದ್ದಾರೆ. ಹಳೆಯ ಬೇಸಿನ್ ಕಿತ್ತು, ಕರಿ ಗ್ರಾನೈಟ್ ಚಪ್ಪಡಿ ಕೂರಿಸಿ, ಅದರ ಮೇಲೆ ಈಗ ಎಲ್ಲ ಅಂಗಡಿಗಳಲ್ಲೂ ಕಾಣುವ ದುಂಡನೆಯ ಬಟ್ಟಲು ಬೇಸಿನ್ ಇಟ್ಟು, ಆಂಗಲ್ ಕಾಕ್‌ಗೆ ಟೆಫ್ಲಾನ್ ಟೇಪ್ ಸುತ್ತಿ ನಲ್ಲಿಯನ್ನೂ ಜೋಡಿಸಿದ್ದಾರೆ. ಒಂದು ಹನಿ ಸೋರುತ್ತಿಲ್ಲ. ಆದರೆ ಬೆಳಿಗ್ಗೆ ಬಾಗಿಲು ತೆಗೆದರೆ ಕೊಳೆತ ಮೊಟ್ಟೆಯ ವಾಸನೆ! ಬಂದ ನೆಂಟರು, ಬೇಸಿನ್ ಈಶಾನ್ಯಕ್ಕಿರಬೇಕಿತ್ತು, ಸದ್ಯಕ್ಕೆ ಮೂಲೆಯಲ್ಲಿ ಕಲ್ಲುಪ್ಪು ಇಡಿ ಎಂದರಂತೆ. ಗೋಡೆ ಒಡೆಯಬೇಕೆ ಎಂಬುದು ಅವರ ಪ್ರಶ್ನೆ.

ಖಂಡಿತ ಬೇಡ. ಆ ವಾಸನೆಯ ಹೆಸರು ಹೈಡ್ರೋಜನ್ ಸಲ್ಫೈಡ್. ಗಾಳಿಯಾಡದ ಪೈಪಿನೊಳಗೆ ಕೊಳಕನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಬಿಡುತ್ತವೆ. ನೂರು ಕೋಟಿ ಪಾಲು ಗಾಳಿಯಲ್ಲಿ ಹತ್ತಾರು ಪಾಲು ಬೆರೆತಿದ್ದರೂ ನಮ್ಮ ಮೂಗು ಹಿಡಿದುಬಿಡುತ್ತದೆ. ಕಲ್ಲುಪ್ಪು ತೇವ ಹೀರಿ ನೀರಾಗುತ್ತದೆಯೇ ಹೊರತು ಈ ಅನಿಲವನ್ನು ಮುಟ್ಟುವುದೂ ಇಲ್ಲ. ಕೊಳವೆಯ ದೋಷವನ್ನು ದಿಕ್ಕಿನ ತಲೆಗೆ ಕಟ್ಟಿ, ದುಡಿದು ಕಟ್ಟಿದ ಗೋಡೆ ಒಡೆಸುವ ಸಲಹೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮನೆಗೂ ಮೋರಿಗೂ ನಡುವೆ ಇರುವ ಕಾವಲು ಬರೀ ನೀರು. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಸ್ಕಾಟ್ಲೆಂಡಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಪೇಟೆಂಟ್ ಪಡೆದ ಕಕ್ಕಸಿನಲ್ಲಿ ಪೈಪನ್ನು ಬಾಗಿಸಿ, ಆ ಬಾಗಿನಲ್ಲಿ ಸದಾ ನೀರು ನಿಲ್ಲುವಂತೆ ಮಾಡಿದ. ನಮ್ಮ ಬೇಸಿನ್ ಕೆಳಗಿನ ಬಾಟಲ್ ಟ್ರ್ಯಾಪ್, ನೆಲದ ನಾನಿ ಟ್ರ್ಯಾಪ್ ಎರಡೂ ಅದೇ ವಂಶದವು. ನಿಂತ ನೀರಿನ ಆಳ ಸಾಮಾನ್ಯವಾಗಿ 50 ಮಿಲಿಮೀಟರ್. ಅದು ತಡೆಯಬಲ್ಲದ್ದು ವಾತಾವರಣದ ಒತ್ತಡದ ಇನ್ನೂರರಲ್ಲಿ ಒಂದು ಪಾಲನ್ನಷ್ಟೆ. ಅಷ್ಟು ತೆಳುವಾದ ಕಾವಲನ್ನು ನಂಬಿ ನಗರಗಳೇ ನಿಂತಿವೆ.

ಓದುಗರು ಕಳಿಸಿದ ಚಿತ್ರದಲ್ಲಿ ಬಾಟಲ್ ಟ್ರ್ಯಾಪ್ ಇದೆ. ಆದರೆ ಅದರಿಂದ ಹೊರಟ ಸುಕ್ಕುಸುಕ್ಕಿನ ಪೈಪು ನೇರವಾಗಿ ನೆಲದ ತೂತಿಗೆ ಇಳಿದು ಕೊಳಚೆ ಪೈಪನ್ನು ಸೇರಿದೆ. ತುಂಬಿದ ಬೇಸಿನ್ ಒಮ್ಮೆಲೇ ಖಾಲಿಯಾದಾಗ ಆ ಪೈಪಿನ ತುಂಬ ನೀರು ಧುಮ್ಮಿಕ್ಕುತ್ತದೆ. ಬೀಳುವ ನೀರು ಹಿಂದಿನದನ್ನೂ ಎಳೆದುಕೊಳ್ಳುತ್ತದೆ, ಡ್ರಮ್ಮಿನಿಂದ ಟ್ಯೂಬಿನಲ್ಲಿ ಸೀಮೆಎಣ್ಣೆ ಇಳಿಸುವಾಗ ಆಗುವ ಹಾಗೆ. ಟ್ರ್ಯಾಪಿನಲ್ಲಿ ಉಳಿಯಬೇಕಾದ ನೀರೂ ಆ ಎಳೆತಕ್ಕೆ ಸಿಕ್ಕಿ ಹೊರಟುಹೋಗುತ್ತದೆ.

ಈ ಎಳೆತ ಹಳೆಯ ಬೇಸಿನ್ನಿನಲ್ಲೂ ಇತ್ತಲ್ಲ, ಆಗೇಕೆ ವಾಸನೆ ಬರಲಿಲ್ಲ? ನನಗೆ ಬಹಳ ಇಷ್ಟವಾದ ಸಂಗತಿ ಇದು. ತಳ ಚಪ್ಪಟೆಯಾಗಿದ್ದ ಬೇಸಿನ್ನಿನಲ್ಲಿ ನೀರೆಲ್ಲ ಹೋದ ಮೇಲೂ ಮೂಲೆಮೂಲೆಗಳಿಂದ ಒಂದಿಷ್ಟು ನೀರು ಮೆಲ್ಲಗೆ ಹರಿದು ಬರುತ್ತಿರುತ್ತದೆ. ಅಷ್ಟರಲ್ಲಿ ಎಳೆತ ಕಡಿದಿರುತ್ತದೆ. ಸೋಮಾರಿಯಾಗಿ ಬಂದ ಆ ಕೊನೆಯ ಹನಿಗಳೇ ಟ್ರ್ಯಾಪನ್ನು ಮತ್ತೆ ತುಂಬಿಸುತ್ತವೆ! ಕಡಿದಾದ ದುಂಡು ಬೇಸಿನ್ನಿನಲ್ಲಿ ನೀರು ಒಟ್ಟಿಗೆ ಜಾರಿಹೋಗುತ್ತದೆ, ಹಿಂದೆ ಬರಲು ಹನಿಗಳೇ ಇರುವುದಿಲ್ಲ. ನೋಟಕ್ಕೆಂದು ಬದಲಿಸಿದ ಆಕಾರ ಒಂದು ಗುಟ್ಟಿನ ಸೇವೆಯನ್ನು ನಿಲ್ಲಿಸಿಬಿಟ್ಟಿತು.

ಕಾವಲು ಒಣಗಿದರೆ ಕಾಟ ವಾಸನೆಗೇ ಮುಗಿಯುವುದಿಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿಗೆ ಸಾರ್ಸ್ ತಗುಲಿತು. ಅಲ್ಲಿನವರು ಬಚ್ಚಲಿನ ನೆಲಕ್ಕೆ ನೀರು ಸುರಿಯದೆ ಒರೆಸುತ್ತಿದ್ದರು, ನೆಲದ ಟ್ರ್ಯಾಪುಗಳು ಒಣಗಿದ್ದವು. ಎಕ್ಸಾಸ್ಟ್ ಫ್ಯಾನ್ ತಿರುಗಿದಾಗ ಕೊಳಚೆ ಪೈಪಿನ ಗಾಳಿ, ವೈರಸ್ ಸಮೇತ, ಮನೆಯೊಳಕ್ಕೆ ಬಂದಿತ್ತೆಂದು ತನಿಖೆ ನಡೆಸಿದವರು ಕಂಡುಕೊಂಡರು. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುವವರು ಹೊರಡುವ ಮುನ್ನ ನಾನಿ ಟ್ರ್ಯಾಪಿಗೆ ಒಂದು ಚೊಂಬು ನೀರು, ಅದರ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿ. ಎಣ್ಣೆ ಮೇಲೆ ಹರಡಿ ನೀರು ಬೇಗ ಆರದಂತೆ ನೋಡಿಕೊಳ್ಳುತ್ತದೆ.

ದಾವಣಗೆರೆಯವರು ಮಾಡಬೇಕಾದ್ದು ಸುಲಭ. ಬೇಸಿನ್ ತುಂಬಿಸಿ ಒಮ್ಮೆಲೇ ಬಿಡಿ. ಕೊನೆಯಲ್ಲಿ ಗೊಳಗೊಳ ಎಂದು ಜೋರಾಗಿ ಸದ್ದಾದರೆ, ಕೆಳಗೆ ಬಕೆಟ್ ಇಟ್ಟು ಬಾಟಲ್ ಟ್ರ್ಯಾಪಿನ ತಳವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ನೀರು ಟ್ರ್ಯಾಪಿನ ಅಡಿಯಲ್ಲಷ್ಟೇ ಉಳಿದಿದ್ದರೆ ರೋಗ ಸಿಕ್ಕಿತು. 75 ಮಿಲಿಮೀಟರ್ ನೀರು ನಿಲ್ಲುವ ಟ್ರ್ಯಾಪ್ ತನ್ನಿ. ಅದರ ಪೈಪನ್ನು ನೇರ ಕೆಳಕ್ಕೆ ಬಿಡದೆ, ತುಸುವೇ ಇಳಿಜಾರಿನಲ್ಲಿ ಗೋಡೆಯತ್ತ ಅಡ್ಡ ಒಯ್ದು, ಗಾಳಿಕೊಳವೆ ಇರುವ ಪೈಪಿಗೆ ಸೇರಿಸಿ. ತಳವನ್ನು ಮತ್ತೆ ಹಾಕುವಾಗ ರಬ್ಬರ್ ವಾಷರ್ ಮಡಚಿಕೊಳ್ಳದೆ ಸಮನಾಗಿ ಕೂತಿದೆಯೇ ನೋಡಿ, ಕೈಬಿಗಿಯಷ್ಟೇ ತಿರುಗಿಸಿ. ಪಾನಾ ಹಾಕಿದರೆ ಪ್ಲಾಸ್ಟಿಕ್ ಮರೆ ಹರಿಯುತ್ತದೆ.