ಹಳೆಯ ಹರಳಿನುಂಗುರ ತಕ್ಕಡಿಗೆ ಹಾಕುವ ಮುನ್ನ

ಮುಂಬಯಿ: ಮನೆಯಲ್ಲಿ ಮದುವೆ ನಿಶ್ಚಯವಾದೊಡನೆ ಕಪಾಟಿನಲ್ಲಿರುವ ಹಳೆಯ ಒಡವೆಗಳು ಹೊರಬರುತ್ತವೆ. ಊರಿನ ಹಿರಿಯರು ಕೊಟ್ಟ ಹರಳಿನುಂಗುರವೂ ಅವುಗಳಲ್ಲಿ ಒಂದಾಗಿರಬಹುದು. ಜವೇರಿ ಬಜಾರಿಗೆ ಒಯ್ದು ಕೊಟ್ಟರೆ ಹೊಸ ಸರಕ್ಕೆ ಒಂದಿಷ್ಟು ಚಿನ್ನವಾಯಿತು ಎಂಬುದು ಮನೆಯವರ ಲೆಕ್ಕಾಚಾರ. ಆದರೆ ಹಳೆಯ ಒಡವೆ ಕೊಳ್ಳುವಾಗ ಹರಳಿನ ತೂಕ ಕಳೆದು, ಉಳಿದ ಚಿನ್ನಕ್ಕಷ್ಟೇ ಬೆಲೆ ಕಟ್ಟುವುದುಂಟು. ಹೀಗಾದಾಗ ಉಂಗುರದ ಅತಿ ಬೆಲೆಬಾಳುವ ಭಾಗವೇ ಲೆಕ್ಕಕ್ಕೆ ಬಾರದೆ ಹೋಗಬಹುದು.

ನಡುವೆ ಕೆಂಪು, ನೀಲ ಅಥವಾ ಪಚ್ಚೆಯ ದೊಡ್ಡ ಹರಳು, ಸುತ್ತಲೂ ಹೂವಿನ ದಳಗಳಂತೆ ವಜ್ರಗಳು. ಇದಕ್ಕೆ ಕ್ಲಸ್ಟರ್ ಉಂಗುರವೆಂದು ಹೆಸರು. 1981ರಲ್ಲಿ ಬ್ರಿಟನ್ನಿನ ಡಯಾನಾ ಅವರ ನಿಶ್ಚಿತಾರ್ಥದ ಉಂಗುರ ಇದೇ ಮಾದರಿಯದು. ಅದರಲ್ಲಿರುವುದು 12 ಕ್ಯಾರೆಟ್‌ನ ಸಿಂಹಳದ ನೀಲ ಮತ್ತು 14 ವಜ್ರಗಳು. 2010ರಲ್ಲಿ ಅದೇ ಉಂಗುರ ಅವರ ಸೊಸೆಯ ಬೆರಳಿಗೇರಿತು.

ಹಳತನ್ನು ಗುರುತಿಸುವುದು ಹೇಗೆ?

ಹಿಂದೆ ವಜ್ರಗಳನ್ನು ಕೈಯಿಂದಲೇ ಕಡೆಯುತ್ತಿದ್ದರು. ಆದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. 'ರೋಸ್ ಕಟ್' ವಜ್ರದ ತಳ ಚಪ್ಪಟೆ, ಮೇಲ್ಭಾಗ ಗುಮ್ಮಟದಂತೆ. 'ಓಲ್ಡ್ ಮೈನ್ ಕಟ್' ವಜ್ರ ಚೌಕಾಕಾರಕ್ಕೆ ಹತ್ತಿರವಾಗಿದ್ದು, ಭೂತಗನ್ನಡಿಯಲ್ಲಿ ನೋಡಿದರೆ ನಟ್ಟನಡುವೆ ಪುಟ್ಟ ವೃತ್ತ ಕಾಣುತ್ತದೆ. ಹೊಳಪು ಸಾಲದೆಂದು ಇವನ್ನು ಹೊಸದಾಗಿ ಕಡೆಸಿದರೆ ತೂಕವೂ ಹೋಗುತ್ತದೆ, ಹಳಮೆಯೂ ಹೋಗುತ್ತದೆ.

ಹಾಗೆಂದು ಹಳೆಯದೆಲ್ಲ ಅಪ್ಪಟವಲ್ಲ. ಬ್ರಿಟಿಷ್ ರಾಜಕಿರೀಟದ 'ಬ್ಲ್ಯಾಕ್ ಪ್ರಿನ್ಸ್ ಕೆಂಪು' ವಾಸ್ತವದಲ್ಲಿ ಸ್ಪಿನೆಲ್ ಎಂಬ ಬೇರೆ ಹರಳು. ಫ್ರಾನ್ಸಿನ ವೆರ್ನೂಯಿ ಎಂಬ ವಿಜ್ಞಾನಿ ಕೃತಕ ಕೆಂಪು ತಯಾರಿಸುವ ವಿಧಾನವನ್ನು 1902ರಲ್ಲೇ ಪ್ರಕಟಿಸಿದ್ದರು. ಹೀಗಾಗಿ ಅಜ್ಜಿಯ ಕಾಲದ ಕೆಂಪು ಕೂಡ ಕೃತಕವಾಗಿರಬಹುದು.

ಮೊದಲು ಪರೀಕ್ಷೆ

ಹಿಂಬದಿ ಮುಚ್ಚಿದ ಹಳೆಯ ಉಂಗುರದಲ್ಲಿ ಹರಳಿನಡಿ ಹೊಳೆಯುವ ತೆಳು ತಗಡು ಇರುವುದುಂಟು. ಅದಕ್ಕೆ ನೀರು ತಗಲಿದರೆ ತಗಡು ಕಪ್ಪಾಗುತ್ತದೆ. ಪಚ್ಚೆಯಿರುವ ಉಂಗುರವನ್ನು ಯಂತ್ರದಲ್ಲಿ ತೊಳೆಯಿಸಲೇಬಾರದು. ಬಿರುಕು ಹೆಚ್ಚುವ ಅಪಾಯವಿದೆ.

ಮುಂಬಯಿಯಲ್ಲಿ ಹರಳು ಪರೀಕ್ಷಿಸುವ ಪ್ರಯೋಗಾಲಯಗಳಿವೆ. ಹರಳು ಯಾವುದು, ನೈಸರ್ಗಿಕವೋ ಕೃತಕವೋ, ಬಣ್ಣ ಹೆಚ್ಚಿಸಲು ಸಂಸ್ಕರಿಸಲಾಗಿದೆಯೋ ಎಂಬುದು ಅಲ್ಲಿನ ವರದಿಯಿಂದ ತಿಳಿಯುತ್ತದೆ. ಬೆಲೆಯನ್ನು ಬೇರೆ ಮೌಲ್ಯಮಾಪಕರಿಂದ ಕೇಳಬೇಕು. ಮಾರುವುದೇ ಆದರೆ, ಲೆಕ್ಕಕ್ಕೆ ಹಿಡಿಯದ ಹರಳುಗಳನ್ನು ಮರಳಿ ಪಡೆಯಬೇಕು. 2021ರ ಜೂನ್ 16ರಿಂದ ಜಾರಿಗೆ ಬಂದ ಹಾಲ್‌ಮಾರ್ಕ್ ಕಡ್ಡಾಯ ಆಭರಣ ಮಾರುವ ವ್ಯಾಪಾರಿಗಳಿಗೆ ಸಂಬಂಧಿಸಿದ್ದು. ಮುದ್ರೆಯಿಲ್ಲದ ಹಳೆಯ ಒಡವೆಯನ್ನು ಮನೆಯಲ್ಲಿಟ್ಟುಕೊಳ್ಳಲು, ಅಂಗಡಿಗೆ ಮಾರಲು ಅಡ್ಡಿಯಿಲ್ಲ.

ಚಿನ್ನವನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ತೂಕ ಮಾಡಿ ಹಂಚಿಕೊಳ್ಳಬಹುದು. ಉಂಗುರ ಒಂದೇ ಆದುದರಿಂದ ಅದು ಒಬ್ಬರಿಗೇ ಸೇರಬೇಕು. ಮೊದಲೇ ಮೌಲ್ಯ ಬರೆಸಿಟ್ಟರೆ ಉಳಿದವರಿಗೆ ಅವರ ಪಾಲು ಕೊಡುವುದು ಸುಲಭ, ಮನಸ್ತಾಪವೂ ತಪ್ಪುತ್ತದೆ. ಉಂಗುರ ಯಾರದ್ದು, ಯಾವ ಊರಿನದ್ದು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ, ಬರೆದು, ಒಂದು ಫೋಟೋದೊಂದಿಗೆ ಇಟ್ಟುಕೊಳ್ಳುವುದು ಒಳ್ಳೆಯದು.