ಕಿಡಿಯ ದಾರಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡವರು ಹುಬ್ಬಳ್ಳಿಯ ವಿದ್ಯಾನಗರದಂಥ ಬಡಾವಣೆಗಳಲ್ಲಿ ಇಂದಿಗೂ ಇದ್ದಾರೆ. ಯಾವುದೇ ಹಳೆಯ ವಾಹನವು ಮಳೆಗಾಲದ ಮುಂಜಾನೆ ಎಷ್ಟು ಒದ್ದರೂ ಹೊರಡದಿದ್ದರೆ, ದೋಷವು ಗೇಣುದ್ದದ ಒಂದು ತಂತಿಯಲ್ಲಿರಬಹುದು.

ಬ್ಯಾಟರಿಯ 6 ಅಥವಾ 12 ವೋಲ್ಟ್ ವಿದ್ಯುತ್ತನ್ನು ಇಗ್ನಿಷನ್ ಕಾಯಿಲ್ ಹತ್ತು ಸಾವಿರ ವೋಲ್ಟಿಗೂ ಮೀರಿ ಏರಿಸುತ್ತದೆ. ಅದನ್ನು ಸ್ಪಾರ್ಕ್ ಪ್ಲಗ್ಗಿಗೆ ಒಯ್ಯುವುದೇ ಈ ದಪ್ಪ ತಂತಿ. ಪ್ಲಗ್ಗಿನ ತುದಿಯಲ್ಲಿ ಹಾರುವ ಕಿಡಿಯಿಂದ ಇಂಧನ ಹೊತ್ತಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಶಾಖದಿಂದ ತಂತಿಯ ಹೊದಿಕೆ ಬಿರಿಯುತ್ತದೆ. ಬಿರುಕಿಗೆ ತೇವ ಸೇರಿದರೆ ವಿದ್ಯುತ್ತು ಪ್ಲಗ್ಗನ್ನು ತಲುಪದೆ ಸಮೀಪದ ಲೋಹಕ್ಕೆ ಹಾರುತ್ತದೆ. ಕತ್ತಲಲ್ಲಿ ಈ ಸೋರಿಕೆ ನೀಲಿ ಕಿಡಿಯಾಗಿ ಕಾಣುವುದುಂಟು. ಒಂದೇ ಸಿಲಿಂಡರಿನ ವಾಹನಕ್ಕೆ ಇಂಥ ತಂತಿಯೂ ಸಾಮಾನ್ಯವಾಗಿ ಒಂದೇ. ಅದು ಸೋತರೆ ಎಂಜಿನ್ನೇ ಮೌನ.

ಬಿರಿದ ತಂತಿಗೆ ಟೇಪು ಸುತ್ತಿದರೆ ಸಾಲದು, ಅದನ್ನು ಬದಲಾಯಿಸಬೇಕು. ಮೊದಲು ಕೀಲಿ ತೆಗೆದು, ಎಂಜಿನ್ ಆರುವವರೆಗೆ ಕಾಯಬೇಕು. ತಂತಿಯನ್ನು ಜಗ್ಗದೆ, ಪ್ಲಗ್ಗಿನ ಟೊಪ್ಪಿಗೆಯನ್ನು ಹಿಡಿದು ಕಳಚಬೇಕು. ಹೊಸ ತಂತಿಯು ಹಳೆಯದರಷ್ಟೇ ಉದ್ದವಿರಲಿ; ಅದರ ಎರಡೂ ತುದಿಗಳು ಬಿಗಿಯಾಗಿ ಕೂರಲಿ; ಬಿಸಿಯಾಗುವ ಲೋಹಕ್ಕೆ ಅದು ತಾಗದಿರಲಿ. ಎಂಜಿನ್ ಓಡುತ್ತಿರುವಾಗ ಇದನ್ನು ಎಂದಿಗೂ ಮುಟ್ಟಬಾರದು. ಆ ವಿದ್ಯುತ್ತಿನ ಆಘಾತ ಅಪಾಯಕರ.

ಯಂತ್ರ ಕೆಟ್ಟಾಗ ದೊಡ್ಡ ಭಾಗಗಳನ್ನು ಬಿಚ್ಚುವ ಮೊದಲು ಸಣ್ಣದನ್ನು ಪರೀಕ್ಷಿಸುವುದೇ ವಿವೇಕ.