ಐದನೇ ಟ್ರಿಪ್ಪಿನ ಲೆಕ್ಕ

ಅಮೆರಿಕದಲ್ಲಿ 9 ಸೀಟಿನ ವಿಮಾನ ಇಟ್ಟುಕೊಂಡು ಎರಡು ಊರುಗಳ ನಡುವೆ ವಾರಕ್ಕೆ 4 ಸಲ ಹೋಗಿಬಂದರೆ ಸಾರಿಗೆ ಇಲಾಖೆಗೆ ಲಾಭ-ನಷ್ಟದ ವರದಿ ಕೊಡಬೇಕಿಲ್ಲ. ಕಾನೂನಿನ ಕಣ್ಣಿಗೆ ಅದು ಏರ್ ಟ್ಯಾಕ್ಸಿ. ಹೆಸರು ನೋಂದಾಯಿಸಿ ವಿಮೆ ಪತ್ರ ತೋರಿಸಿದರೆ ಸಾಕು. ವೇಳಾಪಟ್ಟಿ ಪ್ರಕಟಿಸಿ 5ನೇ ಸಲವೂ ಹೋಗಿಬಂದರೆ ಅದೇ ಕಂಪನಿ ‘ಕಮ್ಯೂಟರ್’ ಎನಿಸಿಕೊಳ್ಳುತ್ತದೆ. ಹೆಚ್ಚಾದದ್ದು ವಾರಕ್ಕೆ 18 ಸೀಟು. ವರ್ಷಕ್ಕೆ ಸಲ್ಲಿಸಬೇಕಾದ ವರದಿಗಳು ಮಾತ್ರ ಸೊನ್ನೆಯಿಂದ 16ಕ್ಕೆ ಏರುತ್ತವೆ.

ಆ 16ರಲ್ಲಿ 12 ವರದಿ ಟಿ-100 ಎಂಬ ಮಾಸಿಕ ನಮೂನೆಯವು. ಯಾವ ಮಾರ್ಗದಲ್ಲಿ ಯಾವ ವಿಮಾನ ಎಷ್ಟು ಜನರನ್ನು, ಎಷ್ಟು ಸರಕನ್ನು, ಎಷ್ಟು ಅಂಚೆಯನ್ನು ಹೊತ್ತಿತು ಎಂದು ತಿಂಗಳು ಮುಗಿದ 30 ದಿನದೊಳಗೆ ತಿಳಿಸಬೇಕು. ಉಳಿದ 4 ವರದಿ ಹಣದ್ದು: ಫಾರಂ 298-ಸಿ, ಷೆಡ್ಯೂಲ್ ಎಫ್-1. ತ್ರೈಮಾಸಿಕ ಮುಗಿದ 40 ದಿನದೊಳಗೆ, ಅಂದರೆ ಮೇ 10, ಆಗಸ್ಟ್ 10, ನವೆಂಬರ್ 10 ಮತ್ತು ಫೆಬ್ರುವರಿ 10ಕ್ಕೆ ಅದು ತಲುಪಬೇಕು.

ಕಾಗದಕ್ಕಿಂತ ಭಾರವಾದದ್ದು ಅದಕ್ಕೂ ಮುಂಚಿನ ಪರೀಕ್ಷೆ. ಕಮ್ಯೂಟರ್ ಆಗಬಯಸುವವರು ಆರಂಭದ ಖರ್ಚಿನ ಜೊತೆಗೆ, ಒಂದು ಡಾಲರ್ ಆದಾಯವೂ ಬಾರದಿದ್ದರೂ 3 ತಿಂಗಳು ವಿಮಾನ ಹಾರಿಸುವಷ್ಟು ಹಣ ತಮ್ಮಲ್ಲಿದೆ ಎಂದು ಸಾರಿಗೆ ಇಲಾಖೆಗೆ ಸಾಬೀತುಪಡಿಸಬೇಕು. ಉದಾಹರಣೆಗೆ, ತಿಂಗಳ ಖರ್ಚು 4 ಲಕ್ಷ ಡಾಲರ್, ತಯಾರಿಯ ಖರ್ಚು 3 ಲಕ್ಷ ಎಂದುಕೊಂಡರೆ 15 ಲಕ್ಷ ಡಾಲರ್ ತೋರಿಸಬೇಕು. ಟಿಕೆಟ್ ಮಾರಿ ಸಂಬಳ ಕೊಡುತ್ತೇನೆ ಎಂದರೆ ನಡೆಯುವುದಿಲ್ಲ.

60ಕ್ಕಿಂತ ಹೆಚ್ಚು ಸೀಟು ಅಥವಾ 18,000 ಪೌಂಡ್‌ಗಿಂತ (ಸುಮಾರು 8,165 ಕೆ.ಜಿ.) ಹೆಚ್ಚು ಭಾರ ಹೊರುವ ವಿಮಾನಗಳಿದ್ದರೆ ಬೇರೆಯೇ ದಾರಿ, ಫಾರಂ 41. ಅಲ್ಲಿ ವರ್ಷದ ಆದಾಯ ನೋಡಿ ದರ್ಜೆ ಕಟ್ಟುತ್ತಾರೆ: 10 ಕೋಟಿ ಡಾಲರ್‌ವರೆಗೆ ಒಂದನೇ ಗುಂಪು, 100 ಕೋಟಿವರೆಗೆ ಎರಡನೆಯದು, ಅದಕ್ಕೂ ಮೇಲಿನವರು ಮೂರನೆಯದು. ಒಂದನೇ ಗುಂಪಿನೊಳಗೇ 2 ಕೋಟಿ ಡಾಲರ್‌ನ ಇನ್ನೊಂದು ಗೆರೆಯಿದೆ. ಅದನ್ನು ದಾಟಿದವರು ಆಸ್ತಿ-ಹೊಣೆ ತಖ್ತೆ, ಲಾಭ-ನಷ್ಟ ತಖ್ತೆ ಎರಡನ್ನೂ 3 ತಿಂಗಳಿಗೊಮ್ಮೆ, ಇಂಧನದ ಲೆಕ್ಕವನ್ನು ತಿಂಗಳಿಗೊಮ್ಮೆ ಕೊಡಬೇಕು. ದಾಟದವರಿಗೆ ಆ ಎರಡು ತಖ್ತೆಗಳು 6 ತಿಂಗಳಿಗೊಮ್ಮೆ.

ಇಲ್ಲೊಂದು ತಮಾಷೆಯಿದೆ. ಒಂದೆರಡು ಜೆಟ್ ಇಟ್ಟುಕೊಂಡು 2 ಕೋಟಿಯೊಳಗೆ ದುಡಿಯುವವನು ಹಣದ ಲೆಕ್ಕ ಒಪ್ಪಿಸುವುದು ವರ್ಷಕ್ಕೆ 2 ಸಲ. 9 ಸೀಟಿನ ಪ್ರೊಪೆಲ್ಲರ್ ವಿಮಾನದವನು 4 ಸಲ. ಮೊದಲಿನವನದು ಸಲಕ್ಕೆ 2 ತಖ್ತೆ, ಎರಡನೆಯವನದು ಸಲಕ್ಕೆ 1, ಹಾಗಾಗಿ ಒಟ್ಟು ಇಬ್ಬರಿಗೂ 4 ಎಂದು ಸಮಾಧಾನ ಹೇಳಬಹುದು. ಆದರೆ ಮೂವರು ನೌಕರರ ಕಚೇರಿಯಲ್ಲಿ ಬೇಸರ ತರಿಸುವುದು ಹಾಳೆಯಲ್ಲ, ಮತ್ತೆ ಮತ್ತೆ ಬರುವ ಗಡುವು.

ಇಷ್ಟೆಲ್ಲ ಯಾಕೆ? ದರ, ಮಾರ್ಗಗಳ ಮೇಲಿನ ಸರ್ಕಾರಿ ಹಿಡಿತ 1978ರ ಕಾಯ್ದೆಯೊಂದಿಗೆ ಸಡಿಲವಾಯಿತು, ಅದನ್ನು ನಡೆಸುತ್ತಿದ್ದ ಮಂಡಳಿ 1984ರ ಕೊನೆಗೆ ಬಾಗಿಲು ಹಾಕಿತು. ನಮೂನೆಗಳು ಮಾತ್ರ ಉಳಿದವು, ಏಕೆಂದರೆ ಸರ್ಕಾರ ದುಡ್ಡು ಕೊಡುವುದು ನಿಲ್ಲಲಿಲ್ಲ. ಸಣ್ಣ ಊರುಗಳ ವಿಮಾನ ಸೇವೆಗೆ ಅಂದು ಶುರುವಾದ ಸಹಾಯಧನ ಇಂದಿಗೂ ಇದೆ. ಅಲಾಸ್ಕಾದ ಶೇ 80ರಷ್ಟು ಊರುಗಳಿಗೆ ರಸ್ತೆಯಿಲ್ಲ. ಅಲ್ಲಿಗೆ ಅಂಚೆ ಒಯ್ಯುವ ವಿಮಾನಗಳಿಗೆ ಕೊಡುವ ದರ ನಿಗದಿಯಾಗುವುದು ಇದೇ ವರದಿಗಳ ಖರ್ಚಿನ ಅಂಕಿಗಳ ಮೇಲೆ.

ಸಹಾಯಧನದ ವಿಮಾನಗಳು ನಮ್ಮಲ್ಲೂ ಹಾರುತ್ತಿವೆ. 2017ರಲ್ಲಿ ಹಾರಾಟ ಶುರುವಾದ ಉಡಾನ್‌ನ ನಷ್ಟಭರ್ತಿಯಲ್ಲಿ ಕರ್ನಾಟಕದಂಥ ರಾಜ್ಯದ ಪಾಲು ಶೇ 20. ಆ ಯೋಜನೆ ಕುರಿತ 2023ರ ಸಿಎಜಿ ವರದಿ ಹೀಗೆ ಎಣಿಸಿದೆ: ಮೂರನೇ ಸುತ್ತಿನವರೆಗೆ ಹಂಚಿದ ಮಾರ್ಗ 774, ಶುರುವೇ ಆಗದವು 403, ಶುರುವಾದ 371ರಲ್ಲಿ 3 ವರ್ಷದ ರಿಯಾಯಿತಿ ಅವಧಿ ಮುಗಿಸಿದವು 112. ಆ ಅವಧಿ ಮುಗಿದ ಮೇಲೂ 2023ರ ಮಾರ್ಚ್‌ನಲ್ಲಿ ಉಳಿದಿದ್ದವು 54. ಇಂಥ ಪ್ರತಿ ಮಾರ್ಗದ ಆದಾಯ-ವೆಚ್ಚವನ್ನು 3 ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಜನರ ಮುಂದಿಡುವಂತೆ ರಾಜ್ಯ ಸರ್ಕಾರ ಕೇಳಲಿ. ಐದನೇ ಒಂದು ಪಾಲು ದುಡ್ಡು ಅದರದ್ದೇ.